ಹತ್ತು ವರ್ಷ ಓಡಿದ ಇ-ಕ್ಲಾಸ್: ಪುಣೆ, ಮುಂಬೈಯಲ್ಲಿ ಕೊಳ್ಳುವ ಮುಂಚೆ

2009ರಿಂದ 2016ರವರೆಗೆ ತಯಾರಾದ ಡಬ್ಲ್ಯು212 ತಲೆಮಾರಿನ ಮರ್ಸಿಡಿಸ್ ಇ-ಕ್ಲಾಸ್ ಇವತ್ತು ಹೊಸ ಮಧ್ಯಮ ದರ್ಜೆಯ ಎಸ್‌ಯುವಿಗಿಂತ ಕಡಿಮೆ ದುಡ್ಡಿಗೆ ಸಿಗುತ್ತದೆ. ಪುಣೆ ಪಕ್ಕದ ಚಾಕಣದಲ್ಲೇ ಜೋಡಣೆಯಾದ ಕಾರು, ಹಾಗಾಗಿ ಇದರ ಒಳಹೊರಗು ಬಲ್ಲ ಮೆಕ್ಯಾನಿಕ್‌ಗಳು ಈ ಊರಲ್ಲಿದ್ದಾರೆ. ತಿಂಗಳಿಗೊಮ್ಮೆ ಬೆಳಗಾವಿ, ಹುಬ್ಬಳ್ಳಿ ಕಡೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿಬರುವವರಿಗೆ ಆ ಬೆಲೆಗೆ ಇಷ್ಟು ಸುಖದ ಹಿಂದಿನ ಸೀಟು ಬೇರೆಲ್ಲೂ ಇಲ್ಲ. ಕೊಳ್ಳಬಹುದು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಕಾರಿನ ಬೆಲೆಯ ಕಾಲು ಭಾಗವನ್ನು ಮೊದಲ ವರ್ಷದ ರಿಪೇರಿಗೆಂದು ಬೇರೆ ಎತ್ತಿಡಲು ಆಗದಿದ್ದರೆ ಬೇಡ. ಬಿಡಿಭಾಗದ ದರ ಇಳಿಯುವುದಿಲ್ಲ, ಇಳಿಯುವುದು ಕಾರಿನ ದರ ಮಾತ್ರ.

ಹುಡುಕಬೇಕಾದ್ದು 2013ರ ಫೇಸ್‌ಲಿಫ್ಟ್ (ಅದೇ ತಲೆಮಾರಿನ ಪರಿಷ್ಕೃತ ರೂಪ) ಆದ ಮೇಲಿನ ಇ250 ಸಿಡಿಐ. ಇದರ ಓಎಂ651 ಡೀಸೆಲ್ ಎಂಜಿನ್ನಿಗೆ 2,143 ಸಿಸಿ, ನಾಲ್ಕು ಸಿಲಿಂಡರ್, ಎರಡು ಟರ್ಬೊ. 204 ಅಶ್ವಶಕ್ತಿ, 500 ಎನ್‌ಎಂ ಟಾರ್ಕ್. ಘಾಟಿಯಲ್ಲಿ ಇಷ್ಟು ಸಾಕೋ ಸಾಕು. ಫೇಸ್‌ಲಿಫ್ಟ್‌ಗೆ ಮುಂಚಿನ, ಅದರಲ್ಲೂ 2009ರಿಂದ 2011ರ ಕಾರುಗಳ, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ, ಡೆಲ್ಫಿ ಕಂಪನಿಯ ಪೀಜೊ ಮಾದರಿಯ ಇಂಜೆಕ್ಟರ್‌ಗಳು ಜಗತ್ತಿನಾದ್ಯಂತ ಕೈಕೊಟ್ಟು, ಮರ್ಸಿಡಿಸ್ಸೇ ಸೊಲೆನಾಯ್ಡ್ ಮಾದರಿ ಹಾಕಿಕೊಟ್ಟಿತ್ತು. ಆ ವರ್ಷದ ಕಾರೇ ಬೇಕೆಂದರೆ ಬದಲಾವಣೆಯ ಬಿಲ್ಲು ಕೇಳಿ.

ವಿ6 ಇರುವ ಇ350 ಸಿಡಿಐಯ ಎಳೆತಕ್ಕೆ ಮನಸ್ಸು ಸೋಲುವುದು ಸಹಜ. ಅದರ ಆಯಿಲ್ ಕೂಲರ್ ಇರುವುದು ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ. ಶಾಖಕ್ಕೆ ಸೀಲು ಗಟ್ಟಿಯಾಗಿ ಸೋರಿದ ಆಯಿಲ್ ಹಿಂದಕ್ಕೆ ಹರಿದು ಗೇರ್‌ಬಾಕ್ಸ್ ಹತ್ತಿರ ತೊಟ್ಟಿಕ್ಕುತ್ತದೆ. ಎಷ್ಟೋ ಗ್ಯಾರೇಜಿನವರು ಕ್ರ್ಯಾಂಕಿನ ಹಿಂದಿನ ಸೀಲು ಹೋಗಿದೆ ಎಂದುಕೊಂಡು ತಪ್ಪು ಜಾಗ ಬಿಚ್ಚುವುದೂ ಇದಕ್ಕೇ. ಹೊಸ ನೇರಳೆ ಬಣ್ಣದ ಸೀಲಿಗೆ ಹೆಚ್ಚು ದುಡ್ಡಿಲ್ಲ. ಆದರೆ ಅಲ್ಲಿಗೆ ಕೈ ಹೋಗಬೇಕಾದರೆ ಟರ್ಬೊ, ಇನ್‌ಟೇಕ್ ಮ್ಯಾನಿಫೋಲ್ಡ್ ಎಲ್ಲ ಇಳಿಸಬೇಕು. ಕೂಲಿಯೇ ಖರ್ಚು.

ಇ250 ನೋಡಲು ಹೋಗುವ ದಿನ ಎಂಜಿನ್ ತಣ್ಣಗಿರಬೇಕೆಂದು ಮೊದಲೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ; ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ಈ ಎಂಜಿನ್ನಿನ ಟೈಮಿಂಗ್ ಚೈನ್ ಇರುವುದು ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆ. ಚಾಲೂ ಆದ ಮೊದಲ ಕೆಲವು ಸೆಕೆಂಡು ಡ್ಯಾಶ್‌ಬೋರ್ಡ್ ಕಡೆಯಿಂದ ಕಟಕಟ ಸದ್ದು ಬಂದರೆ ಚೈನ್ ಹಿಗ್ಗಿರಬಹುದು, ಇಲ್ಲವೇ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಸೋತಿರಬಹುದು. ಆ ಜಾಗದಿಂದಾಗಿ ಅದು ದೊಡ್ಡ ಕೆಲಸ. ಅಂಥ ಕಾರಿಗೆ ಚೌಕಾಸಿ ಮಾಡುವುದಕ್ಕಿಂತ ಕೈಬಿಡುವುದು ಒಳ್ಳೆಯದು. ಚುಸ್ ಚುಸ್ ಎಂದು ಉಸಿರಾಡಿದ ಹಾಗೆ ಕೇಳಿದರೆ, ಡೀಸೆಲ್ ಹೊಗೆಯ ವಾಸನೆಯೂ ಬಂದರೆ, ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಸೋರುತ್ತಿದೆ. ಮೇಲಿನ ಪ್ಲಾಸ್ಟಿಕ್ ಕವರ್ ಎತ್ತಿದರೆ ಡಾಂಬರಿನಂಥ ಕಪ್ಪು ಕಾಣುತ್ತದೆ. ಬೇಗ ಹಿಡಿದರೆ ವಾಷರ್ ಮತ್ತು ಹೊಸ ಬೋಲ್ಟಿನಲ್ಲಿ ಮುಗಿಯುತ್ತದೆ. ಬಿಟ್ಟರೆ ಇಂಜೆಕ್ಟರ್ ಅಲ್ಲೇ ಅಂಟಿ ಕೂರುತ್ತದೆ. ಎಂಜಿನ್ ತಣಿಸುವ ದ್ರವದ, ಅಂದರೆ ಕೂಲಂಟ್ ಟ್ಯಾಂಕಿನ ಮಟ್ಟವನ್ನೂ ನೋಡಿ. ವಾಟರ್ ಪಂಪ್ ವ್ಯಾಕ್ಯೂಮಿನಿಂದ ನಿಯಂತ್ರಣವಾಗುವಂಥದ್ದು. ಅದು ಸೋತಾಗ ಕೂಲಂಟ್ ವ್ಯಾಕ್ಯೂಮ್ ಪೈಪಿನೊಳಗೇ ಹೋಗುವುದುಂಟು, ಆಗ ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ.

ಗೇರ್‌ಬಾಕ್ಸಿಗೆ ಪುಣೆಯ ಕಾತ್ರಜ್ ಘಾಟಿ ಒಳ್ಳೆಯ ಪರೀಕ್ಷೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನಿಧಾನಕ್ಕೆ ನಿಲ್ಲುವಾಗ ಕೆಳಗಿನ ಗೇರಿಗೆ ಇಳಿಯುವ ಒದೆತ ಇರಬಾರದು. 50ರಿಂದ 60 ಕಿಮೀ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿ ಹಿಡಿದಾಗ ಗಡಗಡ ನಡುಗಿದರೆ ಎಂಜಿನ್ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಮೇಲೆ ಅನುಮಾನಪಡಿ. ಏಳು ಗೇರಿನ ಬಾಕ್ಸಿನ ಆಯಿಲ್, ಫಿಲ್ಟರ್ ಬದಲಿಸಿದ ದಾಖಲೆ ಇಲ್ಲದಿದ್ದರೆ ಕೊಂಡ ವಾರವೇ ಮಾಡಿಸಿ. ಎಂಜಿನ್ ಆಯಿಲ್ 6.5 ಲೀಟರ್, ಮರ್ಸಿಡಿಸ್‌ನ 229.51 ಅಥವಾ 229.52 ಅನುಮೋದನೆ ಇರುವುದೇ ಆಗಬೇಕು. ನಗರದ ಟ್ರಾಫಿಕ್ಕಿನಲ್ಲಿ ಅದನ್ನು ಬದಲಿಸದೆ 10,000 ಕಿಮೀಗಿಂತ ಹೆಚ್ಚು ಎಳೆಯಬೇಡಿ.

ಈ ಕಾರಿನ ಇನ್ನೊಂದು ಹೆಸರುವಾಸಿ ರೋಗ ಎಲೆಕ್ಟ್ರಾನಿಕ್ ಸ್ಟಿಯರಿಂಗ್ ಲಾಕ್. ಒಳಗಿನ ಪುಟ್ಟ ಮೋಟರ್ ಸವೆದು ಒಂದು ಬೆಳಿಗ್ಗೆ ಕೀಲಿ ತಿರುಗಿಸಿದರೂ ಏನೂ ಆಗುವುದಿಲ್ಲ. ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ. ಹೊಸ ಲಾಕನ್ನು ಕೀಲಿಯೊಂದಿಗೆ ಕೋಡ್ ಮಾಡಬೇಕು. ಕೀಲಿ ಹಾಕಿದಾಗ ಲಾಕ್ ತೆರೆಯುವ ಸದ್ದು ಎಳೆದಂತೆ ಕೇಳಿದರೆ ಅಲಕ್ಷ್ಯ ಮಾಡಬೇಡಿ. ಎರಡೂ ಕೀಲಿ ಇರಲೇಬೇಕು.

ಕಿಲೋಮೀಟರ್ ಇಳಿಸಿರುವುದನ್ನು ಹಿಡಿಯಲು ಮರ್ಸಿಡಿಸ್‌ನದೇ ಸ್ಕ್ಯಾನರ್ ಇರುವ ಗ್ಯಾರೇಜು ಬೇಕು. ಹಳೆಯ ದೋಷಗಳ ಜೊತೆಗೆ ಅವು ಎಷ್ಟು ಕಿಲೋಮೀಟರಿಗೆ ಬಂದವು ಎಂಬುದೂ ಅದರಲ್ಲಿ ಕಾಣುತ್ತದೆ. ಮೀಟರ್ 70,000 ತೋರಿಸುತ್ತಾ ದೋಷ 1,20,000ದಲ್ಲಿ ದಾಖಲಾಗಿದ್ದರೆ ಮುಂದಿನ ಮಾತೇ ಬೇಡ.

ಮುಂಬೈ, ಗೋವಾದ ಕಾರಾದರೆ ಲಿಫ್ಟ್ ಮೇಲೇರಿಸಿ ಹಿಂದಿನ ಸಬ್‌ಫ್ರೇಮ್ (ಹಿಂಬದಿ ಚಕ್ರಗಳ ಭಾಗಗಳನ್ನು ಹಿಡಿದಿರುವ ಚೌಕಟ್ಟು) ನೋಡದೆ ಅಡ್ವಾನ್ಸ್ ಕೊಡಬೇಡಿ. ತುಕ್ಕು ಒಳಗಿನಿಂದ ಹಿಡಿದುಕೊಂಡು ಬರುತ್ತದೆ, ಸಮುದ್ರದ ಗಾಳಿ ಅದನ್ನು ಬೇಗ ಮಾಡುತ್ತದೆ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ಸದ್ದು ಕೇಳಿ. ಮಳೆ ನೀರಿನಲ್ಲಿ ನಿಂತ ಕಾರಿಗೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಸಿಗುತ್ತದೆ. ಕಾರ್ಪೆಟ್ ಕೆಳಗಿನ ಫೋಮ್ ಒತ್ತಿ ನೋಡಿ, ಸ್ಪೇರ್ ಟೈರಿನ ಗುಂಡಿಯನ್ನೂ ನೋಡಿ.

ಡಿಎಲ್ ನಂಬರಿನ ಕಾರು ಅಗ್ಗಕ್ಕೆ ಸಿಗಲು ಕಾರಣ ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರಿನ ಮೇಲೆ ಹೇರಿದ್ದ ನಿರ್ಬಂಧ. ಇಲ್ಲಿಗೆ ತಂದರೆ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಮತ್ತೆ ಮಹಾರಾಷ್ಟ್ರದ ತೆರಿಗೆ, ಹೊಸ ನಂಬರು. ಊರಿಗೆ ಒಯ್ದು 12 ತಿಂಗಳು ದಾಟಿ ಇಟ್ಟುಕೊಂಡರೆ ಕರ್ನಾಟಕದಲ್ಲೂ ಇದೇ ಪಾಡು, ಆ ಖರ್ಚನ್ನೂ ಸೇರಿಸಿಯೇ ದರ ಮಾತಾಡಿ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಳ್ಳುವ ಮುಂಚೆ ಬಾಕಿ ಇ-ಚಲನ್ ಪರಿಶೀಲಿಸಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದ್ದರೆ, ಬ್ಯಾಂಕಿನ ಸಾಲದ ಹಕ್ಕು ತೆಗೆಸುವ ಫಾರ್ಮ್ 35 ಕೈಗೆ ಬಂದ ಮೇಲೆಯೇ ಉಳಿದ ಹಣ ಕೊಡಿ.