ಬ್ರಷ್ ಕಟರ್ ಬ್ಲೇಡಿನ ನಟ್ಟು ಉಲ್ಟಾ ಥ್ರೆಡ್: ರಿಪೇರಿಗೆ ಕೊಡುವ ಮುಂಚೆ ಓದಿ

ಬ್ರಷ್ ಕಟರ್ (ಹುಲ್ಲು, ಕಸ ಕತ್ತರಿಸುವ ಮಷೀನು) ಇಟ್ಟುಕೊಂಡವರು, ಬಾಡಿಗೆಗೆ ತರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರ ಬ್ಲೇಡನ್ನು ಹಿಡಿದಿರುವ ನಟ್ಟು ಎಲ್ಲ ನಟ್ಟುಗಳ ಹಾಗಲ್ಲ. ಹೆಚ್ಚಿನ ಮಷೀನುಗಳಲ್ಲಿ ಅದು ಉಲ್ಟಾ ಥ್ರೆಡ್, ಅಂದರೆ ಒಳಗಿನ ಸುರುಳಿ ಗೆರೆಗಳು ವಿರುದ್ಧ ದಿಕ್ಕಿನವು. ನಟ್ಟಿಗೆ ಎದುರಾಗಿ ನಿಂತು ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ, ಅದರ ವಿರುದ್ಧ ತಿರುಗಿಸಿದರೆ ಬಿಗಿಯಾಗುತ್ತದೆ. ಇಷ್ಟು ಗೊತ್ತಿಲ್ಲದ ಕೈಗೆ ಮಷೀನು ಹೋದರೆ ಏನಾಗುತ್ತದೆ ಎಂದು ಈ ಮಳೆಗಾಲದಲ್ಲಿ ನಾವು ನೋಡಿದೆವು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆಗಬಹುದಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಧಾರವಾಡದ ಕೆಲಗೇರಿ ಕಡೆ ನಮ್ಮದೊಂದು ಸಣ್ಣ ಆಪೂಸ್ ಮಾವಿನ ತೋಟ ಇದೆ. ಮಳೆ ಶುರುವಾದರೆ ಗಿಡಗಳ ನಡುವೆ ಹುಲ್ಲು, ಕಾಂಗ್ರೆಸ್ ಕಸ ಎಲ್ಲಾ ಸೊಂಟದ ತನಕ ಬೆಳೆಯುತ್ತದೆ. ಆಳು ಸಿಗುವುದು ಕಷ್ಟ, ಹಾಗಾಗಿ ಮಷೀನೇ ಗತಿ. ಬ್ಲೇಡ್ ಮೊಂಡಾಗಿತ್ತು, ಬದಲಿಸಬೇಕಿತ್ತು. ನಟ್ಟು ಅಲುಗಾಡಲಿಲ್ಲ. ಹುಲ್ಲಿನ ರಸ, ಕೆಸರು, ತುಕ್ಕು ಸೇರಿ ಹಿಡಿದುಬಿಟ್ಟಿತ್ತು. ಬಲ ಹಾಕಿ ಕೆಡಿಸುವುದು ಬೇಡ ಎಂದು ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಕೊಡುವಾಗ, ‘ಇದು ಉಲ್ಟಾ ಥ್ರೆಡ್ ಐತ್ರೀ, ನೋಡಿ ಬಿಚ್ರಿ’ ಎಂದು ಹೇಳಿಯೇ ಕೊಟ್ಟೆ. ‘ಏನ್ ಚಿಂತಿ ಮಾಡಬ್ಯಾಡ್ರಿ ಸರ್, ಸಂಜೀಕ ಬರ್ರಿ’ ಎಂದರು ಮಾಲೀಕರು.

ಆ ಮಾತು ಕೆಲಸ ಮಾಡುವ ಹುಡುಗನಿಗೆ ಮುಟ್ಟಲಿಲ್ಲ. ಅವನು ಇಂಪ್ಯಾಕ್ಟ್ ಗನ್ (ಜೋರಾಗಿ ನಟ್ಟು ತಿರುಗಿಸುವ ಮಷೀನು) ಹಚ್ಚಿ, ದಿನಾ ಬೈಕಿನ ನಟ್ಟು ಬಿಚ್ಚುವ ದಿಕ್ಕಿಗೇ ತಿರುಗಿಸಿದ. ಅಂದರೆ ಮೊದಲೇ ಹಿಡಿದಿದ್ದ ನಟ್ಟನ್ನು ಇನ್ನಷ್ಟು ಬಿಗಿ ಮಾಡಿದ. ನಟ್ಟಿನ ಮೂಲೆಗಳು ಉರುಟಾದವು, ಒಳಗೆ ಥ್ರೆಡ್ ಕಿತ್ತಿತು. ಆಮೇಲೆ ಚಾಣ, ಸುತ್ತಿಗೆ. ಅದೂ ಆಗಲಿಲ್ಲ ಎಂದು ಮೇಲೊಂದು ದೊಡ್ಡ ನಟ್ಟು ವೆಲ್ಡ್ ಮಾಡಿ ತಿರುವಿದರು. ಕೊನೆಗೆ ನಟ್ಟು ಬಂತು, ಥ್ರೆಡ್ಡೂ ಅದರ ಜೊತೆ ಬಂತು. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಸಂಜೆ ಹೋದಾಗ ಹೊಸ ಬ್ಲೇಡ್ ಕೂತಿತ್ತು, ನಟ್ಟು ಬಿಗಿಯಾಗಿತ್ತು, ‘ಜರಾ ಜಾಸ್ತಿ ಕೆಲಸ ಆತ್ರಿ’ ಎಂದು ಅದಕ್ಕೆ ತಕ್ಕ ದುಡ್ಡು ತೆಗೆದುಕೊಂಡರು.

ಮರುದಿನ ತೋಟದಲ್ಲಿ ನಮ್ಮ ಕಾಕಾನ ಮಗ ಮಷೀನು ಹಿಡಿದಿದ್ದ. ಸ್ವಲ್ಪ ಹೊತ್ತಿಗೇ ಹ್ಯಾಂಡಲ್ ಅದುರತೊಡಗಿತು. ಪುಣ್ಯಕ್ಕೆ ಅವನು ಕೂಡಲೇ ಬಂದ್ ಮಾಡಿದ. ಬ್ಲೇಡ್ ನಿಂತ ಮೇಲೆ ಕೆಳಗೆ ನೋಡಿದರೆ ನಟ್ಟು ಮುಕ್ಕಾಲು ಭಾಗ ಹೊರಗೆ ಬಂದಿತ್ತು. ಕೈಬೆರಳಲ್ಲೇ ತಿರುಗುತ್ತಿತ್ತು. ಇನ್ನು ಸ್ವಲ್ಪ ಓಡಿಸಿದ್ದರೆ ಬ್ಲೇಡ್ ಹಾರುತ್ತಿತ್ತು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಉಕ್ಕಿನ ಬ್ಲೇಡ್ ಅದು. ಓಡಿಸುವವನ ಕಾಲು ಪಕ್ಕದಲ್ಲೇ ಇರುತ್ತದೆ. ನನಗೆ ಆ ದಿನ ಊಟ ಸೇರಲಿಲ್ಲ.

ಮಷೀನನ್ನು ಗೋಕುಲ ರೋಡಿನಲ್ಲಿ ಲೇತ್ ಇಟ್ಟುಕೊಂಡಿರುವ ಪರಿಚಯದ ಹಿರಿಯರ ಹತ್ತಿರ ಒಯ್ದೆ. ಅವರು ಶಾಫ್ಟಿನ, ಅಂದರೆ ಬ್ಲೇಡ್ ತಿರುಗಿಸುವ ಸರಳಿನ, ತುದಿ ನೋಡಿದವರೇ, ‘ಇದನ್ನ ಯಾರ್ ಮಾಡ್ಯಾರೋ, ಇನ್ನೊಮ್ಮೆ ಚಾಲೂ ಮಾಡಬ್ಯಾಡ ತಮ್ಮಾ’ ಎಂದರು. ಅಲ್ಲಿ 10 ಎಂಎಂ ಶಾಫ್ಟ್ ಇರಬೇಕಿತ್ತು. ಹಾಳಾದ ಥ್ರೆಡ್ಡನ್ನು ಗ್ರೈಂಡರಿನಿಂದ ಸವರಿ, 8 ಎಂಎಂ ಸಾದಾ ಡೈ (ಥ್ರೆಡ್ ಕೊರೆಯುವ ಸಾಧನ) ಹೊಡೆದು, ಹಾರ್ಡ್‌ವೇರ್ ಅಂಗಡಿಯ ಸಾದಾ ನಟ್ಟು ಹಾಕಿದ್ದರು. ಶಾಫ್ಟ್ ತೆಳ್ಳಗಾಯಿತು, ಅದು ಒಂದು. ಅದಕ್ಕಿಂತ ದೊಡ್ಡ ತಪ್ಪು ಎಂದರೆ ಥ್ರೆಡ್ಡಿನ ದಿಕ್ಕೇ ಬದಲಾಗಿತ್ತು.

ಇದು ಯಾಕೆ ಅಪಾಯ ಎಂದು ಸ್ವಲ್ಪ ಹೇಳಬೇಕು. ಬ್ಲೇಡು ಕೆಳಗಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ದಪ್ಪ ಕಾಂಡಕ್ಕೋ ಕಲ್ಲಿಗೋ ತಾಗಿದಾಗ ಬ್ಲೇಡಿಗೆ ತಡೆ ಬೀಳುತ್ತದೆ, ಶಾಫ್ಟ್ ಮುಂದೆ ಹೋಗಲು ನೋಡುತ್ತದೆ. ಆಗ ಬ್ಲೇಡ್ ನಟ್ಟನ್ನು ಹಿಂದಕ್ಕೆ ಎಳೆಯುತ್ತದೆ. ಉಲ್ಟಾ ಥ್ರೆಡ್ ಇದ್ದರೆ ಆ ಎಳೆತಕ್ಕೆ ನಟ್ಟು ಬಿಗಿಯಾಗುತ್ತದೆ. ಸಾದಾ ಥ್ರೆಡ್ ಇದ್ದರೆ ಅದೇ ಎಳೆತಕ್ಕೆ ಪ್ರತಿ ಸಲ ಸಡಿಲವಾಗುತ್ತದೆ. ಮಷೀನು ಮಾಡಿದವರು ಸುಮ್ನೆ ಉಲ್ಟಾ ಇಟ್ಟಿಲ್ಲ. ನಮ್ಮ ಮಷೀನು ತನ್ನ ನಟ್ಟನ್ನು ತಾನೇ ಬಿಚ್ಚಿಕೊಳ್ಳುತ್ತಿತ್ತು.

ಇನ್ನೊಂದು ಹಾನಿ ಹೊರಗೆ ಕಾಣುತ್ತಿರಲಿಲ್ಲ. ವೆಲ್ಡಿಂಗ್ ಮಾಡುವಾಗ ಅರ್ಥಿಂಗ್ ಕ್ಲಿಪ್ಪನ್ನು ಗೇರ್ ಹೆಡ್ಡಿನ (ಬ್ಲೇಡಿನ ಮೇಲಿರುವ ಗೇರಿನ ಪೆಟ್ಟಿಗೆಯ) ಮೈಗೆ ಸಿಕ್ಕಿಸಿದ್ದರು, ಸುಟ್ಟ ಗುರುತು ಹಾಗೇ ಇತ್ತು. ಅಂದರೆ ಕರೆಂಟು ನಟ್ಟಿನಿಂದ ಶಾಫ್ಟಿಗೆ, ಅಲ್ಲಿಂದ ಬೇರಿಂಗ್ ದಾಟಿ ಕ್ಲಿಪ್ಪಿಗೆ ಹೋಗಿದೆ. ಹಾಗೆ ಹೋದಾಗ ಬೇರಿಂಗಿನ ಗುಂಡುಗಳ ಮೇಲೆ ಸಣ್ಣ ಸಣ್ಣ ಸುಟ್ಟ ಗುಳಿ ಬೀಳುತ್ತವೆ. ಕೈಯಲ್ಲಿ ತಿರುಗಿಸಿದರೆ ಮರಳು ತುಂಬಿದ ಹಾಗೆ ಕರಕರ ಅನ್ನುತ್ತಿತ್ತು. ಬಿಸಿಗೆ ರಬ್ಬರ್ ಸೀಲ್ ಕರಗಿ ಗ್ರೀಸ್ ಹೊರಗೆ ಬರುತ್ತಿತ್ತು. ಕೊನೆಗೆ ಇಡೀ ಗೇರ್ ಹೆಡ್ ಬದಲಿಸಬೇಕಾಯಿತು. ನಟ್ಟಿನ ಬೆಲೆ ಹತ್ತಾರು ರೂಪಾಯಿ, ಗೇರ್ ಹೆಡ್ಡಿನದು ಸಾವಿರದ ಲೆಕ್ಕ.

ಹಿಡಿದ ನಟ್ಟನ್ನು ಹೇಗೆ ಬಿಚ್ಚಬೇಕು ಎಂದು ಆ ಹಿರಿಯರು ತೋರಿಸಿಕೊಟ್ಟರು. ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ತೆಗೆಯಬೇಕು, ಎಂಜಿನ್ ಅಕಸ್ಮಾತ್ ಚಾಲೂ ಆಗಬಾರದು. ದಪ್ಪ ಗ್ಲೋವ್ಸ್ ಬೇಕೇ ಬೇಕು. ತಂತಿ ಬ್ರಷ್ ತೆಗೆದುಕೊಂಡು ಶಾಫ್ಟಿನ ತುದಿಯನ್ನು ಚೆನ್ನಾಗಿ ತಿಕ್ಕಬೇಕು. ನವಲಗುಂದ, ರೋಣದ ಕಡೆಯ ಎರೆ ಹೊಲದಲ್ಲಿ ಓಡಿಸುವವರಿಗೆ ಇದು ಇನ್ನೂ ಮುಖ್ಯ, ಎರೆ ಮಣ್ಣು ಒಣಗಿ ನಟ್ಟಿನ ಸುತ್ತ ಗಟ್ಟಿಯಾಗಿ ಕೂತಿರುತ್ತದೆ. ಥ್ರೆಡ್ ಕಂಡ ಮೇಲೆ ದಿಕ್ಕು ನೋಡಿ. ಶಾಫ್ಟನ್ನು ನೆಟ್ಟಗೆ ಹಿಡಿದಾಗ ಗೆರೆಗಳು ಎಡಕ್ಕೆ ಏರುತ್ತಿದ್ದರೆ ಉಲ್ಟಾ, ಬಲಕ್ಕೆ ಏರುತ್ತಿದ್ದರೆ ಸಾದಾ. ಯಾರ ಮಾತನ್ನೂ ನಂಬಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ.

ಆಮೇಲೆ ಡಬ್ಲ್ಯೂಡಿ-40 ಥರದ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಬೇಕು. ಹೆಚ್ಚಿನವರಿಗೆ ಈ ತಾಳ್ಮೆ ಇರುವುದಿಲ್ಲ, ಕೆಲಸ ಕೆಡುವುದು ಇಲ್ಲೇ. ಗೇರ್ ಹೆಡ್ಡಿನ ಪಕ್ಕ ಒಂದು ತೂತು ಇರುತ್ತದೆ. ಮೇಲಿನ ವಾಷರಿನ ತೂತು ಅದಕ್ಕೆ ಸರಿಹೊಂದಿದಾಗ ಪಿನ್ ಹಾಕಿದರೆ ಶಾಫ್ಟ್ ತಿರುಗದೆ ನಿಲ್ಲುತ್ತದೆ. ಬ್ಲೇಡಿಗೆ ಕಟ್ಟಿಗೆ ಕೊಟ್ಟು ತಡೆಯುವುದು ಬೇಡ. ಪಾನಾ ಆರು ಮೂಲೆಯದ್ದೇ ಇರಲಿ, ಹನ್ನೆರಡು ಮೂಲೆಯ ಪಾನಾ ಹಳೆಯ ನಟ್ಟಿನ ಮೇಲೆ ಜಾರಿ ಮೂಲೆ ತಿನ್ನುತ್ತದೆ.

ಅಷ್ಟಾದರೂ ಬರದಿದ್ದರೆ, ಅಥವಾ ಮೂಲೆ ಉರುಟಾಗಿದ್ದರೆ, ನಟ್ಟನ್ನು ಕಳೆದುಕೊಳ್ಳಿ, ಶಾಫ್ಟನ್ನು ಉಳಿಸಿಕೊಳ್ಳಿ. ನಟ್ಟಿನ ಒಂದು ಮಗ್ಗುಲನ್ನು ಶಾಫ್ಟಿನ ಉದ್ದಕ್ಕೆ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಬೇಕು. ಥ್ರೆಡ್ ಮುಟ್ಟುವ ಸ್ವಲ್ಪ ಮುಂಚೆ ನಿಲ್ಲಿಸಿ, ಆ ಸಂದಿಯಲ್ಲಿ ಚಾಣ ಇಟ್ಟು ತಿರುವಿದರೆ ನಟ್ಟು ಬಾಯಿ ಬಿಡುತ್ತದೆ. ನಟ್ಟು ಸೀಳುವ ಸಾಧನವೂ ಸಿಗುತ್ತದೆ, ಅದಿದ್ದರೆ ಇನ್ನೂ ಸುಲಭ. ಗ್ಯಾಸ್ ಹಚ್ಚಿ ಕಾಯಿಸುವುದು ಬೇಡ, ಪಕ್ಕದಲ್ಲೇ ಸೀಲ್, ಗ್ರೀಸ್ ಎರಡೂ ಇವೆ. ಸುತ್ತಿಗೆಯ ಏಟೂ ಬೇಡ, ಗೇರ್ ಹೆಡ್ಡಿನ ಮೈ ಅಲ್ಯೂಮಿನಿಯಂ, ಬಿರುಕು ಬಿಡುತ್ತದೆ.

ಥ್ರೆಡ್ ಸ್ವಲ್ಪ ಮಾತ್ರ ಕೆಟ್ಟಿದ್ದರೆ ಸರಿ ಮಾಡಬಹುದು. ಸಾಮಾನ್ಯವಾಗಿ ಅದು 10 ಎಂಎಂ, 1.25 ಪಿಚ್ (ಗೆರೆಯಿಂದ ಗೆರೆಗೆ 1.25 ಎಂಎಂ), ಉಲ್ಟಾ. ಅದೇ ಅಳತೆಯ ಉಲ್ಟಾ ಡೈ ಬೇಕು. ಅದು ಸಿಗದಿದ್ದರೆ 1.25ರ ಥ್ರೆಡ್ ಫೈಲ್ (ಥ್ರೆಡ್ ತಿದ್ದುವ ಅರ) ಸಾಕು, ಅದಕ್ಕೆ ಎಡ ಬಲದ ಭೇದ ಇಲ್ಲ. ಸುತ್ತಲೂ ಥ್ರೆಡ್ ಕಿತ್ತಿದ್ದರೆ ಮಾತ್ರ ಯಾವ ಜುಗಾಡೂ ಬೇಡ, ಶಾಫ್ಟ್ ಅಥವಾ ಗೇರ್ ಹೆಡ್ ಬದಲಿಸಿ. ನಟ್ಟಿನೊಳಗೆ ನೈಲಾನ್ ಬಳೆ ಇರುವಂಥದ್ದಾದರೆ, ಬೆರಳಿನಲ್ಲೇ ತಿರುಗುವಷ್ಟು ಸವೆದ ಮೇಲೆ ಅದನ್ನು ಎಸೆದು ಹೊಸದು ಹಾಕಬೇಕು.

ಆ ಅಂಗಡಿಗೆ ಹೋಗಿ ಹಳೆಯ ಗೇರ್ ಹೆಡ್ ತೋರಿಸಿದೆ. ಮಾಲೀಕರು ವಾದ ಮಾಡಲಿಲ್ಲ, ಕೂಲಿ ದುಡ್ಡು ವಾಪಸ್ ಕೊಟ್ಟರು. ಗೇರ್ ಹೆಡ್ಡಿನ ಖರ್ಚು ಮಾತ್ರ ನಮ್ಮ ಮೇಲೇ ಬಿತ್ತು. ನನಗೆ ಸಿಟ್ಟು ಬಂದದ್ದು ಥ್ರೆಡ್ ಕೆಟ್ಟಿದ್ದಕ್ಕಲ್ಲ. ಕೆಟ್ಟಿದೆ ಎಂದು ಹೇಳದೆ ಮುಚ್ಚಿ ಕೊಟ್ಟಿದ್ದಕ್ಕೆ. ‘ಶಾಫ್ಟ್ ಹೋಗೇತ್ರಿ’ ಎಂದು ಒಂದು ಮಾತು ಹೇಳಿದ್ದರೆ ಮಷೀನು ಚಾಲೂ ಮಾಡುತ್ತಲೇ ಇರಲಿಲ್ಲ, ಅಲ್ವಾ?

ಈಗ ಹೊಸ ಗೇರ್ ಹೆಡ್ಡಿನ ಮೇಲೆ ಬಿಳಿ ಪೇಂಟಿನಲ್ಲಿ ಬಿಚ್ಚುವ ದಿಕ್ಕಿಗೆ ಬಾಣದ ಗುರುತು ಹಾಕಿದ್ದೇನೆ, ‘ಉಲ್ಟಾ’ ಎಂದೂ ಬರೆದಿದ್ದೇನೆ. ನೀವೂ ಹಾಕಿ. ಬಾಯಿಮಾತು ಒಬ್ಬರಿಂದ ಇನ್ನೊಬ್ಬರಿಗೆ ಮುಟ್ಟುವುದಿಲ್ಲ. ಸೆಕೆಂಡ್ ಹ್ಯಾಂಡ್ ಮಷೀನು ಕೊಳ್ಳುವವರು, ಬಾಡಿಗೆಗೆ ತರುವವರು ದುಡ್ಡು ಕೊಡುವ ಮುಂಚೆ ಪ್ಲಗ್ ಕ್ಯಾಪ್ ತೆಗೆದು ನಟ್ಟು ಬಿಚ್ಚಿಸಿ ನೋಡಿ. ಉಲ್ಟಾ ಇರಬೇಕಾದ ನಟ್ಟು ಸಾದಾ ದಿಕ್ಕಿಗೆ ಬಿಚ್ಚಿಕೊಂಡರೆ, ಶಾಫ್ಟಿನ ತುದಿ ತೆಳ್ಳಗಿದ್ದರೆ, ಸುತ್ತ ವೆಲ್ಡಿಂಗ್ ಗುರುತಿದ್ದರೆ ಆ ಮಷೀನು ಬೇಡ. ಈಗಾಗಲೇ ಮನೆಯಲ್ಲಿ ಇರುವವರು ಇವತ್ತೇ ಒಮ್ಮೆ ನೋಡಿಬಿಡಿ. ಓಡಿಸುವಾಗ 15 ಮೀಟರ್ ಒಳಗೆ ಮಕ್ಕಳನ್ನೂ ದನಕರುಗಳನ್ನೂ ಬಿಡಬೇಡಿ, ನಟ್ಟು ಎಷ್ಟೇ ಸರಿ ಇದ್ದರೂ.