ಡೆನ್ಸಿಟೋಮೀಟರೋ, ಸ್ಪೆಕ್ಟ್ರೋಫೋಟೋಮೀಟರೋ?

ನಿಮ್ಮ ಆಫ್‌ಸೆಟ್ ಮುದ್ರಣಾಲಯದಲ್ಲಿ ಪುಸ್ತಕ, ಕರಪತ್ರಗಳೇ ಹೆಚ್ಚಾಗಿದ್ದರೆ ಬಣ್ಣ ಪರೀಕ್ಷಿಸಲು ಡೆನ್ಸಿಟೋಮೀಟರ್, ಅಂದರೆ ಇಂಕಿನ ಸಾಂದ್ರತೆ (ದಟ್ಟಣೆ) ಅಳೆಯುವ ಸಾಧನ, ಸಾಕು. ಹಾಳೆಯಂಚಿನ ಬಣ್ಣದ ಪಟ್ಟಿಯ ಮೇಲಿಟ್ಟರೆ ನಾಲ್ಕು ಇಂಕುಗಳ ಸಾಂದ್ರತೆ, ಚಿತ್ರ ಮೂಡಿಸುವ ಚುಕ್ಕೆಗಳು ಎಷ್ಟು ಹಿಗ್ಗಿವೆ ಎಂಬುದು ತಿಳಿಯುತ್ತದೆ. ಯಾವ ಇಂಕ್ ಕೀ (ಇಂಕಿನ ಹರಿವನ್ನು ಹೆಚ್ಚುಕಡಿಮೆ ಮಾಡುವ ತಿರುಪು) ತಿರುಗಿಸಬೇಕೆಂಬುದೂ ಅಲ್ಲೇ ಗೊತ್ತಾಗುತ್ತದೆ. ಹಸಿ ಇಂಕು ಒಣಗಿದ ಮೇಲೆ ಅಂಕಿ ತುಸು ಇಳಿಯುತ್ತದೆ, ಲೆಕ್ಕದಲ್ಲಿರಲಿ.

ಲಾಂಛನದ ವಿಶೇಷ ಕಿತ್ತಳೆ ಬಣ್ಣದ ವಿಷಯದಲ್ಲಿ ಮಾತ್ರ ಅದನ್ನು ನಂಬಬೇಡಿ: ಸಾಂದ್ರತೆ ಸರಿಯಿದ್ದೂ ಬಣ್ಣ ಬೇರೆಯಾಗಿರಬಹುದು. ಅಲ್ಲಿ 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಬಿಡಿಸಿ ಅಳೆಯುವ ಸ್ಪೆಕ್ಟ್ರೋಫೋಟೋಮೀಟರೇ ಬೇಕು. ಸಾಂದ್ರತೆಯನ್ನೂ ಅದೇ ಲೆಕ್ಕ ಹಾಕಿ ಕೊಡುತ್ತದೆ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೂ ಪ್ಯಾಕೇಜಿಂಗ್ ಗಿರಾಕಿಗಳಿದ್ದರೆ ಇದನ್ನೇ ಕೊಳ್ಳಿ.

ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ ಎಂದು ನೋಡಲು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ ಎಂಬ ಭೂತಗನ್ನಡಿ ಹೇಗೂ ಬೇಕೇ ಬೇಕು.