ಸೇಂಟ್ ಪಿಯರ್ ಅಥವಾ ಟ್ವೆಂಟಿ ಟೆನ್: ವೇಲ್ಸ್‌ನಲ್ಲಿ ಗಾಲ್ಫ್‌ನ ಒಂದೇ ಸುತ್ತು ಆಡುವುದಾದರೆ

ಹಳೆಯ ಸೆವರ್ನ್ ಸೇತುವೆ ದಾಟುತ್ತಲೇ ಚೆಪ್‌ಸ್ಟೋ, ಅದರ ಪಕ್ಕದಲ್ಲೇ ಸೇಂಟ್ ಪಿಯರ್ ಗಾಲ್ಫ್ ಅಂಗಳ. ಅಲ್ಲಿಂದ ಅರ್ಧ ಗಂಟೆಯೊಳಗೆ ನ್ಯೂಪೋರ್ಟ್‌ನ ಸೆಲ್ಟಿಕ್ ಮ್ಯಾನರ್, ಟ್ವೆಂಟಿ ಟೆನ್ ಅಂಗಳ ಇರುವುದು ಅಲ್ಲೇ. ಎರಡೂ ಕಡೆ ಕಡಲತೀರದ ಗಟ್ಟಿ ಮರಳುನೆಲ ಇಲ್ಲ, ಒಳನಾಡಿನ ಮೆತ್ತನೆಯ ಹುಲ್ಲುನೆಲ. ಚೆಂಡು ಪಕ್ಕಕ್ಕೆ ಹಾರುವವರಿಗೆ ಸೇಂಟ್ ಪಿಯರ್ ಕಷ್ಟ, ದೂರ ಹೋಗದವರಿಗೆ ಟ್ವೆಂಟಿ ಟೆನ್ ಕಷ್ಟ. ಆಯ್ಕೆ ಇದರ ಮೇಲೆಯೇ ನಿಲ್ಲಬೇಕು.

ಸೇಂಟ್ ಪಿಯರ್‌ನ ಓಲ್ಡ್ ಕೋರ್ಸ್ 1962ರದ್ದು. ಹಳೆಯ ಜಿಂಕೆವನದಲ್ಲಿ ಸಿ.ಕೆ. ಕಾಟನ್ ರೂಪಿಸಿದ್ದು. ಇಲ್ಲಿ ಮರಗಳೇ ಆಟವನ್ನು ಆಳುತ್ತವೆ. ಓಕ್ ಮರದಡಿ ಸಿಕ್ಕಿಕೊಂಡರೆ ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಕಡೆ ನೋಡಲೇಬೇಡಿ. 7 ಐರನ್ (ಮಧ್ಯಮ ದೂರದ ಕ್ಲಬ್, ಅಂದರೆ ಹೊಡೆಯುವ ಕೋಲು) ಹಿಡಿದು, ಚೆಂಡನ್ನು ಹಿಂದಿನ ಪಾದದ ನೇರಕ್ಕಿಟ್ಟು, ಅರ್ಧ ಸ್ವಿಂಗ್‌ನಲ್ಲಿ ಸೊಂಟದ ಮಟ್ಟದಲ್ಲೇ ಕೈ ನಿಲ್ಲಿಸಿದರೆ ಚೆಂಡು ಕೊಂಬೆಗಳ ಕೆಳಗೆ ತೂರಿ ಫೇರ್‌ವೇಗೆ (ಹುಲ್ಲು ಕತ್ತರಿಸಿದ ಮುಖ್ಯ ದಾರಿಗೆ) ಬರುತ್ತದೆ. ಸಂದಿಯಲ್ಲಿ ತೂರಿಸಲು ಹೋದವರು ಸಾಮಾನ್ಯವಾಗಿ ಇನ್ನೆರಡು ಹೊಡೆತ ಕಳೆದುಕೊಳ್ಳುತ್ತಾರೆ. ಅಕ್ಟೋಬರ್-ನವೆಂಬರ್‌ನಲ್ಲಿ ತರಗೆಲೆಯೂ ಕಾಟ ಕೊಡುತ್ತದೆ: ಹುಡುಕಲು ಸಿಗುವುದು 3 ನಿಮಿಷ. ಸಿಕ್ಕ ಮೇಲೆ ಎಲೆ ಸರಿಸುವಾಗ ಚೆಂಡು ಅಲುಗಿದರೆ ಒಂದು ಹೊಡೆತದ ದಂಡ. 1996ರ ಸೋಲ್‌ಹೈಮ್ ಕಪ್ (ಯುರೋಪ್-ಅಮೆರಿಕ ಮಹಿಳಾ ತಂಡಗಳ ಪಂದ್ಯ) ನಡೆದ ಈ ಅಂಗಳದ 18ನೇ ಹೋಲ್ ಪಾರ್ 3 (ಮೂರು ಹೊಡೆತದಲ್ಲಿ ಮುಗಿಸಬೇಕಾದದ್ದು), ಆದರೂ 200 ಗಜ ಮೀರಿದ್ದು, ಅದೂ ಕೆರೆಯ ಮೇಲಿಂದ. ಇಂಥ ಮುಕ್ತಾಯ ಅಪರೂಪ, ಅದಕ್ಕಾಗಿಯೇ ಇಲ್ಲಿ ಆಡಬೇಕು.

ಟ್ವೆಂಟಿ ಟೆನ್ ಅನ್ನು 2010ರ ರೈಡರ್ ಕಪ್‌ಗೆಂದೇ (ಯುರೋಪ್-ಅಮೆರಿಕ ಪುರುಷರ ತಂಡಗಳ ಪಂದ್ಯ) ಅಸ್ಕ್ ಕಣಿವೆಯಲ್ಲಿ ಸಿದ್ಧಪಡಿಸಿದ್ದು. ಪಾರ್ 71, ಹಿಂದಿನ ಟೀಯಿಂದ (ಮೊದಲ ಹೊಡೆತದ ಜಾಗದಿಂದ) ಸುಮಾರು 7,400 ಗಜ. ಟೀ ಆರಿಸಲು ಸುಲಭ ಲೆಕ್ಕ: ನಿಮ್ಮ 5 ಐರನ್ ದೂರವನ್ನು 36ರಿಂದ ಗುಣಿಸಿ. 150 ಗಜ ಹೊಡೆಯುವವರಿಗೆ ಒಟ್ಟು 5,400 ಗಜದ ಆಸುಪಾಸಿನ ಟೀ ಸಾಕು. ಹೆಮ್ಮೆಗೆ ಹಿಂದೆ ನಿಂತರೆ ನೀರು ದಾಟಬೇಕಾದ ಕಡೆಯೆಲ್ಲ ಚೆಂಡು ಮುಳುಗುತ್ತದೆ, ಏಕೆಂದರೆ ಒದ್ದೆ ನೆಲದಲ್ಲಿ ಉರುಳಿ ಸಿಗುವ ದೂರವೇ ಇಲ್ಲ.

18ನೇ ಹೋಲ್, ಪಾರ್ 5, ಇಲ್ಲಿನ ನಿಜವಾದ ಪರೀಕ್ಷೆ. ಗ್ರೀನ್ ಮುಂದಿನ ಇಳಿಜಾರಿನ ಹುಲ್ಲನ್ನು ನುಣ್ಣಗೆ ಕತ್ತರಿಸಿರುತ್ತಾರೆ. ಗ್ರೀನ್‌ನ ಅಂಚಿಗೆ ಬಿದ್ದ ವೆಜ್ (ಸಣ್ಣ ದೂರಕ್ಕೆ ಚೆಂಡನ್ನು ಎತ್ತರ ಏರಿಸುವ ಕ್ಲಬ್) ಹೊಡೆತವೂ ಹಿಂದೆ ಜಾರಿ ಕೊಳ ಸೇರುತ್ತದೆ. ಎರಡನೇ ಹೊಡೆತವನ್ನು ಪೂರ್ತಿ ವೆಜ್‌ಗೆ ಒಗ್ಗುವ 90-100 ಗಜದಲ್ಲಿ ನಿಲ್ಲಿಸಿ, ಮೂರನೆಯದಕ್ಕೆ ಒಂದು ಕ್ಲಬ್ ಹೆಚ್ಚು (ಇನ್ನಷ್ಟು ದೂರ ಹೋಗುವುದು) ತೆಗೆದು ಗ್ರೀನ್‌ನ ಹಿಂಭಾಗಕ್ಕೆ ಗುರಿಯಿಡಿ.

ಮಳೆ ಎರಡಕ್ಕೂ ಶತ್ರು. 2010ರಲ್ಲಿ ಮೊದಲ ದಿನವೇ ಏಳು ಗಂಟೆಗೂ ಹೆಚ್ಚು ಆಟ ನಿಂತು, ರೈಡರ್ ಕಪ್ ಇತಿಹಾಸದಲ್ಲೇ ಮೊದಲ ಬಾರಿಗೆ ಪಂದ್ಯ ಸೋಮವಾರಕ್ಕೆ ಹೋಯಿತು. ಫೇರ್‌ವೇಯಲ್ಲಿ ಚೆಂಡು ತನ್ನದೇ ಗುಳಿಯಲ್ಲಿ ಹೂತರೆ ದಂಡವಿಲ್ಲದೆ, ಅದರ ಹಿಂದಿನಿಂದ ಒಂದು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದಂತೆ ಡ್ರಾಪ್ ಮಾಡಬಹುದು (ಕೈಯಿಂದ ಬೀಳಿಸಬಹುದು).

ಒಂದೇ ಸುತ್ತಿಗೆ ಸಮಯವಿದ್ದರೆ ನನ್ನ ಮತ ಸೇಂಟ್ ಪಿಯರ್‌ಗೆ. ಡ್ರೈವರ್‌ನಿಂದ (ಅತಿ ದೂರದ ಕ್ಲಬ್) ಹೊಡೆದ ಚೆಂಡು ಗಾಳಿಯಲ್ಲೇ 200 ಗಜ ದಾಟುವುದಾದರೆ, ಬೇಸಿಗೆಯ ಒಣ ವಾರ ನೋಡಿ ಟ್ವೆಂಟಿ ಟೆನ್‌ಗೆ ಹೋಗಿ.